ಹಚ್ಚು, ಬಿಡು

ನನ್ನ ಅತ್ತೆ ಭೀಮಮ್ಮನ ಕೈಗುಣವನ್ನು ಮೂರು ಊರಿನ ಜನ ಹೊಗಳುತ್ತಿದ್ದರು. ನನಗೆ ಈಗ ಎಪ್ಪತ್ತು ದಾಟಿದೆ, ಅವಳು ಸತ್ತೇ ಮೂವತ್ತು ವರ್ಷವಾಯಿತು. ಆದರೂ ಆ ಕೈಗಳು ನೆನಪಾದರೆ ಸಾಕು, ನಾನು ಹಲ್ಲು ಕಡಿಯುತ್ತೇನೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುವವರಿದ್ದಾರೆ. ಅವರ ಮೈ ಯಾರೂ ಸುಟ್ಟಿಲ್ಲ, ಅದಕ್ಕೇ ಹಾಗೆ ಅನ್ನುತ್ತಾರೆ.

ನಾವು ಕುರಿ ಕಾಯುವ ಜನ. ನನ್ನ ಗಂಡನ ಮನೆ ಸುರಪುರದಿಂದ ಹುಣಸಗಿಗೆ ಹೋಗುವ ದಾರಿಯಲ್ಲಿ, ಒಂದು ಕಲ್ಲುಗುಡ್ಡದ ಮಗ್ಗುಲಲ್ಲಿತ್ತು. ವರ್ಷಕ್ಕೊಮ್ಮೆ, ಮಳೆ ಶುರುವಾಗುವ ಮುಂಚೆ, ಹಟ್ಟಿಯಲ್ಲಿ ಉಣ್ಣೆ ಕತ್ತರಿಸುವ ದಿನ ಅಂತ ಇರುತ್ತಿತ್ತು. ಬೀಗರು, ನೆಂಟರು ಎಲ್ಲ ಕತ್ತರಿ ಹಿಡಿದು ಬರುತ್ತಿದ್ದರು. ಉಣ್ಣೆ ಇಳಿಸಿದ ಕುರಿಗಳನ್ನು ಒಂದೊಂದಾಗಿ ಭೀಮಮ್ಮನ ಮುಂದೆ ತಂದು ನಿಲ್ಲಿಸುವುದು ಪದ್ಧತಿ. ಅವಳು ಚಪ್ಪಡಿ ಕಲ್ಲಿನ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, ಕುರಿಯ ಕುತ್ತಿಗೆಯಿಂದ ಬಾಲದವರೆಗೆ ಎರಡೂ ಕೈ ಆಡಿಸುತ್ತಿದ್ದಳು. ಚರ್ಮ ನುಣುಪಾಗಿದ್ದರೆ 'ಬಿಡು' ಅನ್ನುತ್ತಿದ್ದಳು. ಬೆರಳಿಗೆ ಒರಟು ಸಿಕ್ಕರೆ 'ಹಚ್ಚು' ಅನ್ನುತ್ತಿದ್ದಳು. ದಿನವಿಡೀ ಅವಳ ಬಾಯಲ್ಲಿ ಈ ಎರಡೇ ಮಾತು.

ಹಚ್ಚುತ್ತಿದ್ದದ್ದು ಕೇರುಬೀಜದ ಎಣ್ಣೆ. ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕುತ್ತಾರಲ್ಲ, ಅದೇ ಬೀಜ. ಅದನ್ನು ಗಡಿಗೆಯಲ್ಲಿಟ್ಟು ಕೆಳಗೆ ಬೆಂಕಿ ಹಾಕಿ ಇಳಿಸಿದ ಕಪ್ಪು ಎಣ್ಣೆ ತಾಗಿದ ಕಡೆ ಕುರಿಯ ಕಜ್ಜಿ ಸುಟ್ಟು, ಹಕ್ಕಳೆ ಕಟ್ಟಿ ಉದುರಿಹೋಗುತ್ತಿತ್ತು. ಹಚ್ಚುವವರು ಕೋಲಿನ ತುದಿಗೆ ಚಿಂದಿ ಸುತ್ತಿಕೊಂಡು, ತಮ್ಮ ಕೈಗೆ ಮೊದಲೇ ಎಳ್ಳೆಣ್ಣೆ ಬಳಿದುಕೊಂಡು ಹಚ್ಚುತ್ತಿದ್ದರು. ಒಂದು ಹನಿ ಸಿಡಿದರೂ ಬೊಬ್ಬೆ ಏಳುತ್ತದೆ ಅಂತ ಅವರಿಗೆಲ್ಲ ಚೆನ್ನಾಗಿ ಗೊತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಗೊತ್ತಿರಲಿಲ್ಲ ಅಂತ ಆಮೇಲೆ ಯಾರೂ ಹೇಳುವ ಹಾಗಿಲ್ಲ.

ಇನ್ನು ನನ್ನ ಚರ್ಮದ ವಿಷಯ. ಹುಟ್ಟಿದಾಗಿನಿಂದ ನನ್ನ ರಟ್ಟೆ, ತೊಡೆ ಒರಟು. ಒಂದೊಂದು ಕೂದಲಿನ ಬುಡಕ್ಕೂ ಒಂದೊಂದು ಸಣ್ಣ ಗುಳ್ಳೆ, ಜೋಳದ ರವೆ ಅಂಟಿಸಿದ ಹಾಗೆ. ತುರಿಕೆಯಿಲ್ಲ, ನೋವಿಲ್ಲ, ಕೀವಿಲ್ಲ. ಚಳಿಗೆ ಹೆಚ್ಚುತ್ತದೆ, ಮಳೆ ಬಿದ್ದ ಮೇಲೆ ತಗ್ಗುತ್ತದೆ. ಗೋಗಿಯಲ್ಲಿ ನನ್ನ ತವರು. ಅಲ್ಲಿ ನನ್ನ ಅವ್ವನಿಗೂ ಹೀಗೇ ಇತ್ತು, ಅವಳ ಅವ್ವನಿಗೂ ಇತ್ತಂತೆ. ಅವ್ವ ನನಗೆ ಜಳಕ ಮಾಡಿಸಿ, ಮೈ ಇನ್ನೂ ಹಸಿ ಇರುವಾಗಲೇ ಅಂಗೈಯಲ್ಲಿ ಇಷ್ಟು ಕುಸುಬೆ ಎಣ್ಣೆ ಹಾಕಿಕೊಂಡು ಸವರಿ, ಬೆನ್ನಿಗೊಂದು ಗುದ್ದು ಹಾಕಿ ಕಳಿಸುತ್ತಿದ್ದಳು. ಅದಕ್ಕೊಂದು ಹೆಸರೂ ನಮ್ಮ ಮನೆಯಲ್ಲಿರಲಿಲ್ಲ.

ಹೆಸರಿಟ್ಟವಳು ಭೀಮಮ್ಮ. ನಿಜಾಮನ ಕಡೆಯ ರಜಾಕಾರರ ಹಾವಳಿ ಶುರುವಾಗುವ ಎರಡು ವರ್ಷ ಮುಂಚೆ ನನ್ನನ್ನು ಅವಳ ಮಗ ಮಲ್ಕಪ್ಪನಿಗೆ ಕೊಟ್ಟರು. ಅರಿಶಿಣ ಹಚ್ಚುವಾಗ ಅವಳ ಕೈ ನನ್ನ ರಟ್ಟೆಯ ಮೇಲೆ ಬಂದದ್ದು ಅಲ್ಲಿಯೇ ನಿಂತಿತು. ಅವಳು ಕಣ್ಣು ಮುಚ್ಚಿಕೊಂಡಳು.

"ಏನಬೇ ಇದು?" ಅಂದಳು.

"ಹುಟ್ಟಿದಾಗಿಂದ ಅದರಿ ಅತ್ತಿ."

"ಕುರಿಗೆ ಹಿಂಗಾದ್ರ ನಾವು ಕಜ್ಜಿ ಅಂತೀವಿ."

ಸುತ್ತ ಕೂತ ಹೆಂಗಸರು ನಕ್ಕರು. ಮದುಮಗಳು ಮುಖ ಗಂಟಿಕ್ಕಬಾರದು ಅಂತ ನಾನೂ ನಕ್ಕೆ. ಅವತ್ತು ನಕ್ಕಿದ್ದಕ್ಕೆ ನನಗೆ ನನ್ನ ಮೇಲೂ ಸಿಟ್ಟಿದೆ.

ಅಲ್ಲಿಂದ ಶುರುವಾಯಿತು. ಮೊದಲು ಬೇವಿನ ಸೊಪ್ಪು ಅರೆದು ಬಳಿದಳು. ಅದರಿಂದ ಕೆಟ್ಟದ್ದೇನೂ ಆಗಲಿಲ್ಲ, ಒಳ್ಳೆಯದೂ ಆಗಲಿಲ್ಲ. ಆಮೇಲೆ ಇಟ್ಟಂಗಿ ಚೂರು ತಗೊಂಡು ತಿಕ್ಕಿದಳು. ಗುಳ್ಳೆ ಉದುರುವ ತನಕ ಅಂತ ಅವಳು ತಿಕ್ಕುತ್ತಿದ್ದಳು, ರಕ್ತ ಬರುವ ತನಕ ನಾನು ಸುಮ್ಮನಿರುತ್ತಿದ್ದೆ. ಎಂಟು ದಿನ ನುಣುಪಾದಂತೆ ಕಾಣುತ್ತಿತ್ತು, ಒಂಬತ್ತನೇ ದಿನಕ್ಕೆ ಮೊದಲಿಗಿಂತ ಜಾಸ್ತಿ. ತಂಬಾಕು ನೆನೆಸಿದ ನೀರು ಸುರಿದಳು. ನನಗೆ ತಲೆ ತಿರುಗಿ ವಾಂತಿಯಾಯಿತು. ಈ ನಡುವೆ ಮಗಳು ರೇಣಮ್ಮ ಹುಟ್ಟಿದಳು. ಬಾಣಂತನದ ಹೆಸರಲ್ಲಿ ಗೋಗಿಗೆ ಹೋಗಿ ಅವ್ವನ ಕುಸುಬೆ ಎಣ್ಣೆ ಹಚ್ಚಿಸಿಕೊಂಡು ಬಂದೆ. ಅಷ್ಟೇ ನನಗೆ ಸಿಕ್ಕ ಸುಖ.

ಪೊಲೀಸ್ ಆಕ್ಷನ್ ಆಗಿ, ನಿಜಾಮನ ರಾಜ್ಯ ಹೋಗಿ, ಮರುವರ್ಷದ ಬೇಸಿಗೆ. ಉಣ್ಣೆ ಕತ್ತರಿಸುವ ದಿನ ಕುರಿಗಳೆಲ್ಲ ಮುಗಿದವು. ಗಡಿಗೆಯಲ್ಲಿ ಇನ್ನೂ ಕೇರೆಣ್ಣೆ ಉಳಿದಿತ್ತು. ದಂಡವಾಗಬಾರದು ಅಂತ ಭೀಮಮ್ಮ ನನ್ನನ್ನು ಕರೆದಳು! ಹೌದು, ಹಾಗೆಯೇ ಅಂದಳು. "ಉಳದದ, ಯಾಕ ಚೆಲ್ಲೋದು? ಬಾ ಇಲ್ಲಿ, ಒಮ್ಮೆ ಹಚ್ಚಿ ಮುಗಸಿಬಿಡ್ತೀನಿ." ಇಬ್ಬರು ಹೆಂಗಸರು ನನ್ನ ಕೈ ಹಿಡಿದರು. ಅವರ ಕೈಗೆ ಎಳ್ಳೆಣ್ಣೆ ಬಳಿದಿತ್ತು. ನಾನು ಚೀರಿದೆ. ಮಲ್ಕಪ್ಪ ಇಪ್ಪತ್ತು ಹೆಜ್ಜೆ ಆಚೆ ಕುರಿ ಹಿಡಿದು ನಿಂತಿದ್ದವನು ನನ್ನ ಕಡೆ ನೋಡಿದ. ಆಮೇಲೆ ಕುರಿಗಳನ್ನು ನೀರಿಗೆ ಹೊಡೆದುಕೊಂಡು ಹೋದ.

ಹದಿನೈದು ದಿನ ಜ್ವರ. ರಟ್ಟೆಗಳು ಕುಂಬಳಕಾಯಿಯಷ್ಟು ಊದಿ, ಬೊಬ್ಬೆ ಒಡೆದು ನೀರು ಸೋರಿತು. ಮಾಯುವುದಕ್ಕೆ ಎರಡು ತಿಂಗಳು ಹಿಡಿಯಿತು. ಮಾದ ಕಡೆ ಚರ್ಮ ಬಿಳಿಯಾಗಿ ಬಂತು, ಎರಡೂ ರಟ್ಟೆಗೆ ಅಂಗೈ ಅಗಲದ ಬಿಳಿ ಕಲೆ. ಅದರ ಸುತ್ತ ಹಳೆಯ ಗುಳ್ಳೆಗಳು ಹಾಗೆಯೇ ಇದ್ದವು.

ಆ ಬಿಳಿ ನೋಡಿ ಭೀಮಮ್ಮ ಎದೆ ಬಡಿದುಕೊಂಡಳು. "ಒಳಗಿನ ರೋಗ ಹೊರಗ ಬಿತ್ತು. ನಾ ಅವತ್ತೇ ಅಂದಿದ್ನೆಲ್ಲ? ಇದು ದೊಡ್ಡ ರೋಗ."

ದೊಡ್ಡ ರೋಗ ಅಂದರೆ ಕುಷ್ಠ. ಆ ಹೆಸರನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ತಾನೇ ಸುಟ್ಟು, ತಾನೇ ಕಂಡುಹಿಡಿದು, ತಾನೇ ಅತ್ತಳು. ಊರವರು ಅವಳಿಗೆ ಸಮಾಧಾನ ಹೇಳಿದರು.

ವಾಸಿಯಾಗದ ಕುರಿಯನ್ನು ಹಟ್ಟಿಯ ಆಚೆ ಬೇರೆ ಮುಳ್ಳುಬೇಲಿಯಲ್ಲಿ ಇಡುತ್ತಾರೆ. ನನ್ನನ್ನೂ ಹಾಗೆಯೇ ಇಟ್ಟರು. ಬೇಲಿಯ ಆಚೆ ಒಂದು ಗುಡಿಸಲು, ಒಂದು ಕೊಡ, ಒಂದು ಪರಟೆ, ಒಂದು ಕಂಬಳಿ. ಎರಡು ವರ್ಷದ ಮಗಳನ್ನು ನನ್ನ ಸೊಂಟದಿಂದ ಕಿತ್ತುಕೊಂಡರು. ಹತ್ತು ತಿಂಗಳು ಅವಳನ್ನು ನಾನು ಮುಳ್ಳಿನ ಸಂದಿಯಿಂದ ನೋಡಿದೆ. ಮೊದಮೊದಲು ಅವಳು ಬೇಲಿಯ ಹತ್ತಿರ ಬಂದು ಅಳುತ್ತಿದ್ದಳು. ಆಮೇಲೆ ಅಳುವುದು ಬಿಟ್ಟಳು, ಬರುವುದನ್ನೂ ಬಿಟ್ಟಳು.

ರೊಟ್ಟಿ ತರುತ್ತಿದ್ದವನು ಮಲ್ಕಪ್ಪ. ಒಂದು ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದು ನಿಲ್ಲುತ್ತಿದ್ದ. ಒಂದು ದಿನ ಇಟ್ಟವನು ಹೋಗಲಿಲ್ಲ.

"ರೇಣಿಗೂ ಬಂದದ," ಅಂದ.

"ಏನು ಬಂದದ?"

"ರಟ್ಟಿ ಮ್ಯಾಲ. ನಿನ್ನಂಗೇ ಸಣ್ಣ ಗುಳ್ಳಿ. ಅವ್ವ ಮುಟ್ಟಿ ನೋಡ್ಯಾಳ. ಈ ಸಲ ಉಣ್ಣಿ ಕತ್ತರ್ಸೋ ದಿನ ಅಕಿಗೂ ಹಚ್ತೀನಿ ಅಂದಾಳ. ಸಣ್ಣಾಕಿ ಇದ್ದಾಗೇ ಹಚ್ಚಿದ್ರ ಬೇರು ಸುಡ್ತದಂತ."

ನನ್ನ ರಟ್ಟೆಯ ಅರ್ಧವೂ ಇಲ್ಲ ಆ ಕೂಸಿನ ರಟ್ಟೆ. ಆ ಎಣ್ಣೆ ತಾಗಿದರೆ ಕೂಸು ಉಳಿಯುತ್ತದೆಯೇ?

"ನೀ ಏನಂದಿ?" ಅಂತ ಕೇಳಿದೆ.

"ನಾ ಏನನ್ಲಿ? ಅವ್ವನ ಕೈ ಅದು."

"ನಿನ್ನ ಕೂಸು ಅದು!"

ಅವನು ಕಣ್ಣೊರೆಸಿಕೊಂಡ. ಅವನಿಗೆ ಅಳು ಬೇಗ ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಇಂಥ ಗಂಡಸರನ್ನು ಜನ ಮೆತ್ತನೆಯವರು, ಒಳ್ಳೆಯವರು ಅನ್ನುತ್ತಾರೆ. ನನಗೆ ಹೊಡೆಯುವ ಗಂಡನಿದ್ದಿದ್ದರೆ ಇಷ್ಟು ಸಿಟ್ಟು ಬರುತ್ತಿತ್ತೋ ಇಲ್ಲವೋ. ಇನ್ನು ಎಷ್ಟು ದಿನವಿದೆ ಅಂತ ಕೇಳಿದೆ. ಎಂಟು ದಿನ ಅಂದ. ಬೆಳಗಾಗುವುದನ್ನೇ ಕಾದು, ಬೇಲಿಯ ಮುಳ್ಳು ಸರಿಸಿ, ಸುರಪುರದ ದಾರಿ ಹಿಡಿದೆ. ಯಾರೂ ತಡೆಯಲಿಲ್ಲ. ದೊಡ್ಡ ರೋಗದವಳನ್ನು ಮುಟ್ಟಿ ತಡೆಯುವವರು ಯಾರು?

ಸುರಪುರದ ಸರ್ಕಾರಿ ದವಾಖಾನೆಗೆ ಬರುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಸೆರಗು ಜಾರಿ ರಟ್ಟೆ ಕಂಡದ್ದೇ ಸಾಲಿನಲ್ಲಿದ್ದವರೆಲ್ಲ ಚದುರಿದರು. ಅದರಿಂದ ನನಗೆ ಲಾಭವೇ ಆಯಿತು, ಮೊದಲು ಒಳಗೆ ಹೋದೆ. ಔಷಧ ಕೊಡುವ ಕಿಟಕಿಯ ಹಿಂದೆ ಕಂಪೌಂಡರ್ ಚಾಂದಪಾಶಾ ಕೂತಿದ್ದರು. ಐವತ್ತರ ಮೇಲಿನ ವಯಸ್ಸು, ದಪ್ಪ ಕನ್ನಡಕ. ಅವರು ಎದ್ದು ಹೊರಗೆ ಬಂದು, ಕೇಳದೆಯೇ ನನ್ನ ರಟ್ಟೆ ಹಿಡಿದು ಬೆಳಕಿಗೆ ತಿರುಗಿಸಿದರು.

"ಯಾರು ಸುಟ್ಟಾರ ಇದನ್ನ?" ಅಂದರು.

ಅಷ್ಟು ದಿನ ಎಲ್ಲರೂ ಏನು ರೋಗ ಅಂತ ಕೇಳಿದವರೇ. ಯಾರು ಸುಟ್ಟರು ಅಂತ ಕೇಳಿದವರು ಇವರೊಬ್ಬರೇ. ನಾನು ಅಲ್ಲಿಯೇ ನೆಲದ ಮೇಲೆ ಕೂತು, ಹತ್ತು ತಿಂಗಳ ಅಳು ಅತ್ತುಬಿಟ್ಟೆ.

ಡಾಕ್ಟರ ಸಾಹೇಬರು ವಾರಕ್ಕೊಮ್ಮೆ ಯಾದಗಿರಿಯಿಂದ ಬರುತ್ತಿದ್ದರು. ಅವರು ಬರಲು ಇನ್ನೂ ಮೂರು ದಿನವಿತ್ತು. ಚಾಂದಪಾಶಾ ನನ್ನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಗೌಹರಬೇಗಂ ನನಗೆ ಬಿಸಿನೀರು ಕಾಯಿಸಿಕೊಟ್ಟಳು. ಜಳಕವಾದ ಮೇಲೆ ತಾನೇ ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು, ನನ್ನ ಹಸಿ ಮೈಗೆ ಸವರಿದಳು. ನಾನು ಬೇಡವೆಂದು ಹಿಂದೆ ಸರಿದೆ.

"ಹೆದರಬ್ಯಾಡ ತಂಗಿ," ಅಂದಳು. "ನಿನ್ನ ಮುಳ್ಳಬೇಲಿ ಹಚ್ಚಿ ದೂರ ಇಟ್ಟಾರ. ನಮ್ಮನ್ನ ಬೇಲಿ ಹಚ್ಚದೇ ಇಟ್ಟಾರ. ಎರಡು ವರ್ಷಾತು, ಬಾಜೂ ಮನಿಯವರು ನಮ್ಮ ಮನಿ ನೀರು ಸುದ್ದಾ ಕುಡಿಯಂಗಿಲ್ಲ. ರಜಾಕಾರ್ರು ಮಾಡಿದ್ದಕ್ಕ ನಾವೇನು ಮಾಡೀವಿ ಹೇಳು."

ನಾನು ಮತ್ತೆ ರಟ್ಟೆ ಮುಂದೆ ಮಾಡಿದೆ. ಅವಳ ಕೈ ನನ್ನ ಅವ್ವನ ಕೈಯ ಹಾಗೇ ಇತ್ತು.

ಡಾಕ್ಟರ ಸಾಹೇಬರು ಬಂದರು. ನನ್ನ ಕಣ್ಣಿಗೆ ಪಟ್ಟಿ ಕಟ್ಟಿಸಿ, ಒಮ್ಮೆ ಹತ್ತಿಯ ಎಳೆ ಆಡಿಸಿ, ಒಮ್ಮೆ ಗುಂಡುಸೂಜಿ ಚುಚ್ಚಿ ಎಲ್ಲಿ ಅಂತ ಕೇಳುತ್ತಾ ಹೋದರು. ಬಿಳಿ ಕಲೆಯ ಮೇಲೆ, ಅದರ ಅಂಚಿಗೆ, ಗುಳ್ಳೆಯ ಮೇಲೆ, ಎಲ್ಲ ಕಡೆ ಸರಿಯಾಗಿ ಹೇಳಿದೆ. ಕೊನೆಗೆ, "ಈಗ ಎಲ್ಲಿ?" ಅಂದರು. ನನಗೇನೂ ಆಗಿರಲಿಲ್ಲ. "ಈಗ ಮುಟ್ಟಿಲ್ರಿ ನೀವು," ಅಂದೆ. ಅವರು ನಕ್ಕು ಪಟ್ಟಿ ಬಿಚ್ಚಿಸಿದರು. ಸುಮ್ಮನೆ ಊಹೆ ಮಾಡಿ ಹೇಳುವವರನ್ನು ಹಿಡಿಯಲು ನಡುವೆ ಒಮ್ಮೆ ಹೀಗೆ ಕೇಳುತ್ತಾರಂತೆ. ದೊಡ್ಡ ರೋಗದ ಕಲೆಯಿದ್ದಲ್ಲಿ ಸ್ಪರ್ಶ ಸತ್ತಿರುತ್ತದೆ, ನನಗೆ ಎಲ್ಲ ಕಡೆ ಜೀವ ಇದೆ ಅಂದರು. ಬಿಳಿ ಕಲೆ ಕೇರೆಣ್ಣೆ ಸುಟ್ಟದ್ದು, ಗುಳ್ಳೆ ಹುಟ್ಟಿನಿಂದ ಬಂದದ್ದು, ಎರಡೂ ಇನ್ನೊಬ್ಬರಿಗೆ ಹತ್ತುವುದಿಲ್ಲ ಅಂದರು.

"ಹಂಗಾದ್ರ ಗುಳ್ಳಿಗೆ ಔಷಧ ಕೊಡ್ರಿ," ಅಂತ ಆಮೇಲೆ ಚಾಂದಪಾಶಾ ಅವರನ್ನು ಕೇಳಿದೆ. "ಹಚ್ಚಿದ್ರ ಮತ್ತ ಬರಬಾರದು, ಅಂಥಾದ್ದು ಕೊಡ್ರಿ. ಮಗಳಿಗೂ ಬೇಕು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಂಥಾದ್ದು ಯಾರ ಹಂತೇಲೂ ಇಲ್ಲ ಬೇಟಿ. ಇದು ಬ್ಯಾನಿ ಅಲ್ಲ, ನಿನ್ನ ಚಮಡಿ ಇರೋದೇ ಹಂಗ. ಕೂದಲ ಬುಡದಾಗ ಚರ್ಮ ಗಟ್ಟಿ ಆಗಿ ಬಿರಡಿ ಹಾಕ್ದಂಗ ಕೂಡ್ತದ. ಮೆತ್ತಗ ಮಾಡಾಕ ಒಂದು ಮುಲಾಮು ಅದ, ಗಟ್ಟಿ ಚರ್ಮ ಕರಗಸ್ತದ. ತೆಳ್ಳಗ ಹಚ್ಚಬೇಕು. ಉರಿ ಬಂದ್ರ ನಿಲ್ಲಸಬೇಕು. ನಿನ್ನ ಸುಟ್ಟ ಕಲಿ ಮ್ಯಾಲ ಹಚ್ಚಬ್ಯಾಡ, ಕೂಸಿಗಂತೂ ಬ್ಯಾಡೇ ಬ್ಯಾಡ. ಮೀನಿನ ಎಣ್ಣಿ ಅದ, ಕುಡಿಯಾಕ. ಊಟದಾಗ ಕಸುವಿಲ್ಲದವರಿಗೆ ಗುಣ ಕೊಡ್ತದ, ನಿನಗ ಆಗ್ತದೋ ಇಲ್ಲೋ ನಾ ಹೇಳಲ್ಲ."

"ಮತ್ತ ದಿನಾ ಏನು ಹಚ್ಚಲಿ?"

"ನಿಮ್ಮವ್ವ ಏನು ಹಚ್ತಿದ್ಳು?"

"ಕುಸುಬಿ ಎಣ್ಣಿ. ಮೈ ಹಸಿ ಇದ್ದಾಗ."

"ಅದನ್ನೇ ಹಚ್ಚು. ಕೂಸಿಗೂ ಅದೇ. ತಿಕ್ಕಬ್ಯಾಡ, ಕೆರಿಬ್ಯಾಡ. ಹಚ್ಚೋದು ನಿಲ್ಲಸಿದ್ರ ಮತ್ತ ಬರ್ತದ, ಬರ್ಲಿ. ಅದರಿಂದ ಯಾರೂ ಸತ್ತಿಲ್ಲ."

ನನಗೆ ಆಗ ಬಂದ ಸಿಟ್ಟು ಯಾವತ್ತೂ ಬಂದಿರಲಿಲ್ಲ. ಐದು ವರ್ಷದ ಇಟ್ಟಂಗಿ, ತಂಬಾಕು, ಬೆಂಕಿ, ಮುಳ್ಳುಬೇಲಿ, ಎಲ್ಲ ಒಂದು ಅಂಗೈ ಕುಸುಬೆ ಎಣ್ಣೆಯ ಬದಲಿಗೆ! ಅವ್ವನಿಗೆ ಗೊತ್ತಿದ್ದದ್ದು ಯಾರಿಗೂ ಬೇಕಾಗಿರಲಿಲ್ಲ, ಯಾಕೆಂದರೆ ಅವ್ವನ ಕೈಯನ್ನು ಯಾವ ಊರೂ ಹೊಗಳಿರಲಿಲ್ಲ.

ಡಾಕ್ಟರ ಸಾಹೇಬರು ಒಂದು ಕಾಗದ ಬರೆದುಕೊಟ್ಟರು. ಇವಳಿಗೆ ಕುಷ್ಠ ಇಲ್ಲ, ಕಲೆ ಸುಟ್ಟದ್ದು, ಇವಳ ಮಗಳಿಗೆ ಕೇರೆಣ್ಣೆ ಹಚ್ಚಿದರೆ ಜೀವಕ್ಕೆ ಅಪಾಯ ಅಂತ. ಅವರು ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಓದಿದವರು, ಉರ್ದುವಿನಲ್ಲಿಯೇ ಬರೆದರು. ಹೊಸ ಮೊಹರು ಇನ್ನೂ ಬಂದಿರಲಿಲ್ಲವೆಂದು ಹಳೆಯ ಮೊಹರನ್ನೇ ಒತ್ತಿದರು. ನಾನು ಕಾಗದವನ್ನು ಕುಪ್ಪಸದೊಳಗೆ ಇಟ್ಟುಕೊಂಡೆ. ಆದರೆ ಮೂರು ದಿನ ಸರಿಯಾದ ಊಟ ಕಂಡು, ಕೂಡಿಟ್ಟ ನೋವೆಲ್ಲ ಒಮ್ಮೆಗೇ ಮೈಗೆ ಬಂತೋ ಏನೋ, ಜ್ವರ ಹಿಡಿಯಿತು. ಗೌಹರಬೇಗಂ ನನ್ನನ್ನು ಹೊರಡಲು ಬಿಟ್ಟದ್ದು ಎಂಟನೇ ದಿನ ಬೆಳಗ್ಗೆ. ಚಾಂದಪಾಶಾ ಹುಣಸಗಿಯ ಕಡೆ ಹೊರಟಿದ್ದ ಒಂದು ಬಂಡಿಯಲ್ಲಿ ಕೂರಿಸಿದರು. ದಾರಿಯುದ್ದಕ್ಕೂ ಬಂಡಿಯವನಿಗೆ ಎತ್ತು ಹೊಡಿ, ಎತ್ತು ಹೊಡಿ ಅಂತ ಜೀವ ತಿಂದೆ.

ಹಟ್ಟಿಗೆ ಬಂದಾಗ ಕುರಿಗಳು ಬಹುತೇಕ ಮುಗಿದಿದ್ದವು. ನಲವತ್ತು ಜನ ಇದ್ದರು. ಊರಗೌಡ ಭಗವಂತರಾಯ ಪದ್ಧತಿಯಂತೆ ಮೊದಲ ಉಣ್ಣೆ ತಗೊಂಡು ಹೋಗಲು ಬಂದವರು, ಕಂಬಳಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಚಪ್ಪಡಿ ಕಲ್ಲಿನ ಮೇಲೆ ಭೀಮಮ್ಮ. ಅವಳ ಪಕ್ಕ ಕೇರೆಣ್ಣೆಯ ಗಡಿಗೆ. ಅವಳ ಎರಡು ಮೊಣಕಾಲುಗಳ ನಡುವೆ ಅಂಗಿಯಿಲ್ಲದ ನನ್ನ ರೇಣಮ್ಮ.

"ನಿಲ್ಲಸ್ರಿ!" ಅಂತ ಕೂಗಿದೆ.

ಜನ ಎರಡು ಪಾಲಾಗಿ ಹಿಂದೆ ಸರಿದರು. ನಾನು ನೇರ ಗೌಡರ ಮುಂದೆ ಹೋಗಿ ಕಾಗದವನ್ನು ನೆಲದ ಮೇಲಿಟ್ಟು, ದೂರ ನಿಂತೆ. ನಿಜಾಮನ ಕಾಲದಲ್ಲಿ ಗೌಡಕಿ ಮಾಡಿದವರು, ಅವರಿಗೆ ಉರ್ದು ಚೆನ್ನಾಗಿ ಬರುತ್ತಿತ್ತು. ತೆಗೆದುಕೊಂಡು ಪೂರ್ತಿ ಓದಿದರು. ಅವರ ತುಟಿ ಆಡುವುದನ್ನು ನಾನು ನೋಡಿದೆ. ಓದಿ ಮಡಚಿ ಕೆಳಗಿಟ್ಟರು.

"ಇದು ನಡಿಯಂಗಿಲ್ಲ," ಅಂದರು. "ಆ ಸರ್ಕಾರ ಹೋತು, ಅದರ ಮೊಹರೂ ಹೋತು. ಹೊಸ ಸರ್ಕಾರದ ಕಾಗದ ತಂದ್ರ ನೋಡೂಣಂತ."

"ಬರದದ್ದು ಸುಳ್ಳೇನ್ರಿ?"

"ಸುಳ್ಳೋ ಖರೇನೋ, ಮೊಹರು ಹಳೇದು."

ನನ್ನ ತಲೆ ಕೆಟ್ಟುಹೋಯಿತು. "ಗೌಡ್ರ, ನಿಮ್ಮ ಗೌಡಕಿ ಸನದು ಯಾವ ಅಕ್ಷರದಾಗ ಅದರಿ? ಅದರ ಮ್ಯಾಲಿರೋದು ಯಾರ ಮೊಹರು? ಅದನ್ನೂ ಒಲಿಗೆ ಹಾಕೀರೇನು? ಹಾಕಿದ್ರ ಹೇಳ್ರಿ, ಇದನ್ನೂ ಹಾಕ್ತೀನಿ."

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಗೌಡರ ಮುಖ ಕೆಂಪಾಯಿತು. ಹೆಣ್ಣುಮಗಳ ಬಾಯಿ ನೋಡು ಅಂತ ಗೊಣಗಿದರು. ಭೀಮಮ್ಮ ಕೋಲಿನ ತುದಿಯ ಚಿಂದಿಯನ್ನು ಗಡಿಗೆಯಲ್ಲಿ ಅದ್ದಿದಳು.

"ಅತ್ತಿ, ಒಂದು ಗಳಿಗಿ ತಡೀರಿ," ಅಂದೆ. ದನಿ ತಗ್ಗಿಸಿದೆ, ಮಗಳು ಅವಳ ಮೊಣಕಾಲ ನಡುವೆ ಇದ್ದಳಲ್ಲ. "ದೊಡ್ಡ ರೋಗ ಇದ್ದಲ್ಲಿ ಚರ್ಮ ಸತ್ತಿರ್ತದ, ಚುಚ್ಚಿದ್ರ ತಿಳಿಯಂಗಿಲ್ಲ. ಕಾಗದ ಬ್ಯಾಡಂದ್ರ ಬ್ಯಾಡ. ನನ್ನ ಕಣ್ಣು ಕಟ್ರಿ, ದಬ್ಬಣ ನಿಮ್ಮ ಕೈಯಾಗೇ ಹಿಡೀರಿ. ಮೂರೂರ ಮಂದಿ ನಂಬಿದ ಕೈ ಅದು, ನಾನೂ ನಂಬ್ತೀನಿ. ಒಂದು ಸಲ ತಪ್ಪಿ ಹೇಳಿದ್ರೂ ಮತ್ತ ಈ ಕಡಿ ಮುಖ ಹಾಕಂಗಿಲ್ಲ. ಎಲ್ಲಾ ಸರಿ ಹೇಳಿದ್ರ ನನ್ನ ಕೂಸು ನನಗ ಕೊಡಬೇಕು."

ಗೌಡರು ಆಗಲಿ ಅಂದರು. ಅವರಿಗೆ ಬೇಕಾಗಿದ್ದದ್ದು ತಮಾಷೆ. ನಾನು ಚಪ್ಪಡಿಯ ಮುಂದೆ ಹೋಗಿ ನಿಂತೆ. ಒಬ್ಬಳು ಹಿಂದಿನಿಂದ, ಮೈ ತಾಗದ ಹಾಗೆ, ನನ್ನ ಕಣ್ಣಿಗೆ ಕಂಬಳಿಯ ಚೂರು ಕಟ್ಟಿದಳು. ಭೀಮಮ್ಮ ಕಂಬಳಿ ಹೊಲಿಯುವ ದಬ್ಬಣ ತಗೊಂಡಳು.

ಮೊದಲ ಸಲ ಚುಚ್ಚಿದ್ದು ನೆಟ್ಟಗೆ ಬಿಳಿ ಕಲೆಯ ನಡುವೆ. "ಬಲಗೈ ರಟ್ಟಿ. ಬಿಳಿ ಮ್ಯಾಲ," ಅಂದೆ. ಎರಡನೇ ಸಲ ಜೋರಾಗಿ ಚುಚ್ಚಿದಳು, ಬಿಸಿ ರಕ್ತ ಇಳಿಯುವುದು ಗೊತ್ತಾಯಿತು. "ಎಡಗೈ. ಕಲಿ ಅಂಚಿಗೆ, ಒಳಮಗ್ಗಲ." ಮೂರು, ನಾಲ್ಕು, ಐದು. ಎಲ್ಲ ಸರಿ ಹೇಳಿದೆ. ಜನರಲ್ಲಿ ಗುಸುಗುಸು ಎದ್ದಿತು.

ಆಮೇಲೆ ಆ ಗುಸುಗುಸು ಒಮ್ಮೆಲೇ ನಿಂತಿತು.

"ಈಗ ಎಲ್ಲಿ ಚುಚ್ಚೀನಿ ಹೇಳು," ಅಂದಳು ಭೀಮಮ್ಮ.

ನನಗೇನೂ ಆಗಿರಲಿಲ್ಲ. ನಾನು ಕಾದೆ. "ಹೇಳಬೇ," ಅಂದಳು ಮತ್ತೆ. "ನೋಡ್ರಿ ಗೌಡ್ರ, ಬಾಯಿ ಮುಚ್ಚಿ ನಿಂತಾಳ. ತಿಳಿದಿಲ್ಲ ಅಕಿಗೆ."

ಒಂದು ಗಳಿಗೆ ನಾನು ಹೆದರಿದೆ. ಸುಳ್ಳು ಹೇಳುವುದಿಲ್ಲ, ಬಹಳ ಹೆದರಿದೆ. ಡಾಕ್ಟರರು ನೋಡದೇ ಬಿಟ್ಟ ಜಾಗ ಇದೆಯೋ ಏನೋ, ಅಲ್ಲಿ ನನ್ನ ಚರ್ಮ ನಿಜಕ್ಕೂ ಸತ್ತಿದೆಯೋ ಏನೋ. ಐದು ವರ್ಷದಿಂದ ಎಲ್ಲರೂ ನನ್ನ ಚರ್ಮದ ಬಗ್ಗೆ ನನಗಿಂತ ಹೆಚ್ಚು ತಿಳಿದವರ ಹಾಗೆ ಮಾತಾಡಿದ್ದರು, ನಾನೂ ನಂಬಿಬಿಟ್ಟಿದ್ದೆ. ಸುಮ್ಮನೆ ಬಲಗೈ ಅಂತಲೋ ಎಡಗೈ ಅಂತಲೋ ಅಂದುಬಿಡಲೇ ಅನ್ನಿಸಿತು. ಆಗ ಗುಂಡುಸೂಜಿ ಹಿಡಿದು ನಕ್ಕ ಡಾಕ್ಟರರ ನೆನಪಾಯಿತು.

"ನೀ ಚುಚ್ಚೇ ಇಲ್ಲ," ಅಂದೆ.

ಅತ್ತೆಗೆ ನಾನು ನೀ ಅಂದದ್ದು ಅದೇ ಮೊದಲು. ಕಂಬಳಿಯ ಚೂರನ್ನು ಕಿತ್ತು ಎಸೆದೆ. ದಬ್ಬಣ ನನ್ನ ರಟ್ಟೆಯಿಂದ ಒಂದು ಗೇಣು ದೂರದಲ್ಲಿ, ಗಾಳಿಯಲ್ಲಿ ನಿಂತಿತ್ತು.

ಸಿಟ್ಟು ಬಂದದ್ದು ಅವಳ ಮೇಲಲ್ಲ. ನಾನು ತಲೆ ಎತ್ತಿ ಸುತ್ತ ನೋಡಿದೆ. ನಲವತ್ತು ಜನರ ಕಣ್ಣಿಗೆ ಪಟ್ಟಿ ಕಟ್ಟಿರಲಿಲ್ಲ. ನಲವತ್ತು ಜನ ಆ ದಬ್ಬಣ ಗಾಳಿಯಲ್ಲಿ ನಿಂತದ್ದನ್ನು ನೋಡಿದ್ದರು. ಗೌಡರು ನೋಡಿದ್ದರು. ಐದು ಹೆಜ್ಜೆ ದೂರದಲ್ಲಿ ಮಲ್ಕಪ್ಪ ನಿಂತಿದ್ದ, ಅವನೂ ನೋಡಿದ್ದ. ಚುಚ್ಚಿಲ್ಲ ಅಂತ ಒಂದು ಮಾತು ಒಬ್ಬರ ಬಾಯಿಂದಲೂ ಬಂದಿರಲಿಲ್ಲ. ಈಗ ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು.

"ಆತು ಆತು," ಅಂದರು ಗೌಡರು, ಎದ್ದು ಧೋತರ ಕೊಡವಿಕೊಳ್ಳುತ್ತಾ. "ರೋಗ ಇಲ್ಲಂತ ಆತಲ್ಲ. ಭೀಮಮ್ಮ, ಸೊಸಿನ ಮನ್ಯಾಗ ಕರ್ಕೋ."

ದೊಡ್ಡ ಉಪಕಾರ ಮಾಡಿದವರ ಹಾಗೆ ಅಂದರು. ಹೆಂಗಸರು ಸಮಾಧಾನದ ಉಸಿರು ಬಿಟ್ಟರು. ಮಲ್ಕಪ್ಪ ಒಂದು ಹೆಜ್ಜೆ ಮುಂದೆ ಬಂದು, "ನಡಿ ಶಂಕ್ರಮ್ಮ, ಮನಿಗೆ ನಡಿ," ಅಂದ. ಅವನ ಕಣ್ಣಲ್ಲಿ ನೀರಿತ್ತು.

"ನಾ ಮನಿ ಕೇಳಿಲ್ಲ. ಕೂಸು ಕೇಳೀನಿ," ಅಂದೆ.

ಗಡಿಗೆಯನ್ನು ಕಾಲಿನಿಂದ ಒದ್ದೆ. ಕರಿ ಎಣ್ಣೆ ಚಪ್ಪಡಿಯ ಆಚೆ ಬದಿಗೆ ಹರಿದು ಮಣ್ಣಿಗೆ ಸೇರಿತು. ಜನ ಕಾಲು ಎತ್ತಿಕೊಂಡು ಓಡಿದರು. ಅದು ಏನು ಮಾಡುತ್ತದೆ ಅಂತ ಅವರಿಗೆ ಗೊತ್ತಿತ್ತಲ್ಲ.

ಭೀಮಮ್ಮ ಮಾತ್ರ ಅಲುಗಲಿಲ್ಲ. ಅವಳ ಎಡಗೈ ಇನ್ನೂ ರೇಣಮ್ಮನ ರಟ್ಟೆಯ ಮೇಲಿತ್ತು. ಬೆರಳುಗಳು ಅಭ್ಯಾಸದಿಂದ ಆ ಸಣ್ಣ ಗುಳ್ಳೆಗಳ ಮೇಲೆ ಹಿಂದೆ ಮುಂದೆ ಆಡುತ್ತಿದ್ದವು. ಅವಳು ನನ್ನನ್ನು ನೋಡಿದಳು. ಅಷ್ಟು ವರ್ಷದಲ್ಲಿ ಮೊದಲ ಸಲ, ಕೇಳುವವರ ದನಿಯಲ್ಲಿ ಕೇಳಿದಳು.

"ಹಂಗಾದ್ರ ಇದಕ್ಕ ಔಷಧ ಏನಬೇ?"

"ನಿನಗ ಬರೋ ಎರಡು ಮಾತಿನ್ಯಾಗ ಒಂದು. ಅದನ್ನ ಹೇಳು."

ಅವಳ ತುಟಿಗಳು ಅಲುಗಿದವು. ಎಲ್ಲರೂ ಕಾದರು. ನೂರಾರು ಕುರಿಗಳಿಗೆ ಸಲೀಸಾಗಿ ಬಂದ ಮಾತು ಮೊಮ್ಮಗಳಿಗೆ ಬರಲಿಲ್ಲ. ನಾನು ಬಗ್ಗಿ, ಅವಳ ಬೆರಳುಗಳನ್ನು ನನ್ನ ಮಗಳ ರಟ್ಟೆಯಿಂದ ಒಂದೊಂದಾಗಿ ಎತ್ತಿ ತೆಗೆದೆ.

"ಬಿಡು," ಅಂದೆ.

ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಗೋಗಿಯ ದಾರಿ ಹಿಡಿದೆ.